ಜೋಗಿಹಾಳನನ್ನು ಕೊಂದವರು ಯಾರು?



ಬೆಟ್ಟ ಅಗೆದು ಇಲಿ ಹಿಡಿದರು ಎಂಬ ಗಾದೆ ನಮ್ಮಲ್ಲಿದೆ. ಕುತೂಹಲದ ಕಾದಂಬರಿಗಳ ಕೊನೆಯ ಬಗ್ಗೆ ಮಾತು ಬಂದಾಗಲೆಲ್ಲ ಈ ಗಾದೆ ನೆನಪಾಗುತ್ತದೆ. ಮುನ್ನೂರು ಪುಟ ಉಸಿರು ಬಿಗಿಹಿಡಿದು ಓದಿಸುತ್ತಾರೆ. ಯಾರು ಮಾಡಿದರು, ಯಾಕೆ ಮಾಡಿದರು, ಮುಂದೇನು ಎಂದು ಊಟ ಬಿಟ್ಟು ಓದುತ್ತೇವೆ. ಕೊನೆಗೆ ಅಲ್ಲಿ ಸಿಗುವುದು ಇಲಿ. ಕೆಲವೊಮ್ಮೆ ಇಲಿಯೂ ಇಲ್ಲ, ಬರೀ ಬಿಲ. ಆದರೆ ಕೆಟ್ಟ ಕಾದಂಬರಿಯ ಕೊನೆ ಕೆಟ್ಟರೆ ಯಾರಿಗೂ ದುಃಖವಿಲ್ಲ. ತುಂಬ ಒಳ್ಳೆಯ ಕಾದಂಬರಿಯೊಂದು ಕೊನೆಯಲ್ಲಿ ನಮ್ಮ ಕೈ ಬಿಟ್ಟಾಗ ಏನು ಮಾಡಬೇಕು? ಇಂದು ಅಂಥ ಒಂದು ಪುಸ್ತಕದ ಬಗ್ಗೆ ಬರೆಯುತ್ತಿದ್ದೇವೆ. ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’.

ಮುಂದೆ ಕಾದಂಬರಿಯ ಕೊನೆಯನ್ನು ಹೇಳಲಿದ್ದೇವೆ. ಓದದೇ ಇದ್ದವರು ಮೊದಲು ಅದನ್ನು ಓದಿ ಬಂದರೆ ಒಳ್ಳೆಯದು. ಪುಸ್ತಕ ಎಲ್ಲ ಕಡೆ ಸಿಗುತ್ತದೆ.

ತೇಜಸ್ವಿಯವರ ಬಗ್ಗೆ ನಮ್ಮ ಓದುಗರಿಗೆ ಹೆಚ್ಚು ಹೇಳಬೇಕಾಗಿಲ್ಲ. 1938ರಲ್ಲಿ ಹುಟ್ಟಿ, ಮೂಡಿಗೆರೆಯ ತೋಟದಲ್ಲಿ ಬಾಳಿ, 2007ರಲ್ಲಿ ತೀರಿಕೊಂಡರು. ‘ಅಬಚೂರಿನ ಪೋಸ್ಟಾಫೀಸು’, ‘ಕರ್ವಾಲೊ’, ‘ಜುಗಾರಿ ಕ್ರಾಸ್’ ಇವೆಲ್ಲ ಅವರವು. ‘ಚಿದಂಬರ ರಹಸ್ಯ’ ಬಂದದ್ದು 1985ರಲ್ಲಿ. 1987ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹೀಗಾಗಿ ಅದು ಸಾಮಾನ್ಯ ಪುಸ್ತಕವಲ್ಲ. ಆದರೂ ಅದರ ಒಡಲಲ್ಲಿ ಇರುವುದು ಒಂದು ಪತ್ತೇದಾರಿ ಕಥೆ.

ಕಥೆ ಇಷ್ಟು. ಮಲೆನಾಡಿನ ಕೆಸರೂರು ಎಂಬ ಊರು. ಅಲ್ಲಿ ಏಲಕ್ಕಿ ಬೆಳೆ ಕುಸಿಯುತ್ತಿದೆ. ಏಲಕ್ಕಿಯ ಮೇಲೆ ಸಂಶೋಧನೆ ಮಾಡುತ್ತಿದ್ದ ಜೋಗಿಹಾಳ್ ಎಂಬ ವಿಜ್ಞಾನಿ ಅನುಮಾನ ಬರುವ ರೀತಿಯಲ್ಲಿ ಸತ್ತಿದ್ದಾನೆ. ಇವೆರಡನ್ನೂ ತನಿಖೆ ಮಾಡಲು ಅಂಗಡಿ ಎಂಬ ಅಧಿಕಾರಿ ಊರಿಗೆ ಬರುತ್ತಾನೆ. ಬಂದವನಿಗೆ ಊರೆಲ್ಲ ಅನುಮಾನವೇ. ತೋಟದ ಸಾಹುಕಾರರು, ವ್ಯಾಪಾರಸ್ಥರು, ಕ್ರಾಂತಿಯ ಮಾತಾಡುವ ಹುಡುಗರು, ಮತಧರ್ಮದ ಹೆಸರಿನಲ್ಲಿ ಹಲ್ಲು ಕಡಿಯುವವರು, ಇವರ ನಡುವೆ ಪ್ರೀತಿಸುವ ರಫಿ ಮತ್ತು ಜಯಂತಿ. ತೇಜಸ್ವಿಯವರ ನಗೆ ಪುಟಪುಟದಲ್ಲೂ ಇದೆ. ಆ ನಗೆಯ ಕೆಳಗೆ ಏನೋ ಕೆಟ್ಟದ್ದು ಬರಲಿದೆ ಎಂಬ ಭಯವೂ ಇದೆ. ಪುಸ್ತಕ ಕೆಳಗಿಡಲು ಆಗುವುದಿಲ್ಲ.

ಕೊನೆಗೆ ಬೆಂಕಿ ಬರುತ್ತದೆ. ಕೆಸರೂರೇ ಹೊತ್ತಿ ಉರಿಯುತ್ತದೆ. ಊರು ಬಿಟ್ಟು ಬೆಟ್ಟ ಹತ್ತಿದ ಆ ಎರಡು ಎಳೆಯ ಜೀವಗಳು ಮೇಲೆ ಉಳಿಯುತ್ತವೆ. ಜೋಗಿಹಾಳನನ್ನು ಕೊಂದವನು ಇಂಥವನು ಎಂದು ಬೆರಳು ತೋರಿಸಿ ಹೇಳುವ ಪುಟ ಮಾತ್ರ ಬರುವುದಿಲ್ಲ. ಪುಸ್ತಕ ಮುಗಿಯುತ್ತದೆ.

ಇದರ ಬಗ್ಗೆ ನಾವು ಬರೆಯಲು ಒಂದು ಕಾರಣವಿದೆ.

ನಾವಿರುವ ಕೊರ್ಲಿಮ್ ಎಲ್ಲಿದೆ ಎಂದು ಕಾಸರಗೋಡು, ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಓದುಗರಿಗೆ ಸ್ವಲ್ಪ ಹೇಳಬೇಕು. ಪಣಜಿಯಿಂದ ಹಳೇ ಗೋವೆಯ ಚರ್ಚುಗಳನ್ನು ದಾಟಿ ಫೋಂಡಾ ಕಡೆಗೆ ಹೊರಟರೆ ಸಿಗುವ ಊರು. ಇಲ್ಲಿ ಕೈಗಾರಿಕಾ ವಸಾಹತು ಇದೆ. ಗದಗ, ಬಾಗಲಕೋಟೆ, ಕೊಪ್ಪಳ, ವಿಜಯಪುರ, ಹಾವೇರಿ ಕಡೆಯಿಂದ ಬಂದ ನಮ್ಮ ಜನ ಈ ಭಾಗದಲ್ಲಿ ಸಾಕಷ್ಟು ಇದ್ದಾರೆ. ಕೆಲವರು ಕಾರ್ಖಾನೆಯಲ್ಲಿ, ಕೆಲವರು ಕಟ್ಟಡದ ಕೆಲಸದಲ್ಲಿ, ಕೆಲವರು ಕಾವಲು ಕೆಲಸದಲ್ಲಿ. ಅವರ ಮಕ್ಕಳು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಕೊಂಕಣಿ, ಬಸ್ಸಿನಲ್ಲಿ ಹಿಂದಿ ಮಾತಾಡುತ್ತಾರೆ. ಓದುವ ಕನ್ನಡ ಅವರಿಗೆ ಸಿಗುವುದು ಶಾಲೆಯಲ್ಲಿ ಮಾತ್ರ. ಅವರ ತಂದೆತಾಯಿಗಳಿಗಂತೂ ಊರು ಬಿಟ್ಟ ಮೇಲೆ ಅದೂ ಇಲ್ಲ.

ಆ ಕಾರಣಕ್ಕೆ ನಾವು ಒಂದು ಕಬ್ಬಿಣದ ಕಪಾಟಿನಲ್ಲಿ ಪುಸ್ತಕಗಳನ್ನು ಇಟ್ಟಿದ್ದೇವೆ. ರಜೆಯಲ್ಲಿ ಊರಿಗೆ ಹೋದಾಗ ಧಾರವಾಡದ ಸುಭಾಸ ರಸ್ತೆಯಲ್ಲಿ ಕೊಂಡದ್ದು, ಗೆಳೆಯರು ಕೊಟ್ಟದ್ದು, ಹಳೇ ಪುಸ್ತಕದವರ ಹತ್ತಿರ ತೂಕಕ್ಕೆ ತಂದದ್ದು. ಮಕ್ಕಳಿಗೆ ಬೇರೆ, ಪಾಲಕರಿಗೆ ಬೇರೆ. ಪಾಲಕರ ಸಾಲಿನಲ್ಲಿ ಹೆಚ್ಚು ಓಡಾಡುವುದು ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು. 1925ರಲ್ಲಿ ಹುಟ್ಟಿ 2011ರಲ್ಲಿ ತೀರಿಕೊಂಡ ನರಸಿಂಹಯ್ಯನವರು ಓದಿದ್ದು ನಾಲ್ಕನೇ ತರಗತಿ, ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿ. ಅವರ ಪತ್ತೇದಾರ ಪುರುಷೋತ್ತಮ ಎಷ್ಟು ಸಾವಿರ ಜನರಿಗೆ ಓದುವ ರೂಢಿ ಹಚ್ಚಿದನೋ ಲೆಕ್ಕವಿಲ್ಲ. ದೊಡ್ಡ ವಿಮರ್ಶಕರು ಅವರನ್ನು ಬಹಳ ದಿನ ಕಣ್ಣೆತ್ತಿ ನೋಡಲಿಲ್ಲ. ಆದರೆ ಅಕ್ಷರ ಮರೆಯುತ್ತಿದ್ದವರನ್ನು ಮತ್ತೆ ಅಕ್ಷರಕ್ಕೆ ತಂದವರು ಅವರೇ ಎಂದು ನಾವು ಮೇಷ್ಟ್ರುಗಳಾಗಿ ಧೈರ್ಯದಿಂದ ಹೇಳುತ್ತೇವೆ.

ನಮ್ಮ ಪಾಲಕರಲ್ಲಿ ಒಬ್ಬರು ರೋಣ ತಾಲ್ಲೂಕಿನವರು. ರಾತ್ರಿ ಕಾವಲಿನ ಕೆಲಸ. ಐದನೇ ತರಗತಿಗೆ ಶಾಲೆ ಬಿಟ್ಟವರು. ಮಗಳನ್ನು ಕರೆದೊಯ್ಯಲು ಬಂದಾಗ ಕಪಾಟಿನ ಮುಂದೆ ನಿಂತು ನೋಡುತ್ತಿದ್ದರು. ನಾವೇ ಕರೆದು ಒಂದು ನರಸಿಂಹಯ್ಯ ಕೊಟ್ಟೆವು. ಮೊದಲ ಪುಸ್ತಕಕ್ಕೆ ಅವರಿಗೆ ಒಂದು ತಿಂಗಳು ಹಿಡಿಯಿತು. ಎರಡನೆಯದಕ್ಕೆ ಹದಿನೈದು ದಿನ. ಅದು 2019ರ ಮಳೆಗಾಲ. ಹೊರಗೆ ಗೋವೆಯ ಮಳೆ ಸುರಿಯುತ್ತಿದ್ದರೆ ಇವರು ಗೇಟಿನ ಪಕ್ಕದ ಕೋಣೆಯಲ್ಲಿ ಬಲ್ಬಿನ ಕೆಳಗೆ ಕೂತು ಓದುತ್ತಿದ್ದರು. ನಾಲ್ಕೈದು ಪುಸ್ತಕ ಮುಗಿದ ಮೇಲೆ ಇನ್ನೂ ದೊಡ್ಡದು ಏನಾದರೂ ಕೊಡಿ ಎಂದರು. ನಾವು ‘ಚಿದಂಬರ ರಹಸ್ಯ’ ಕೊಟ್ಟೆವು. ಕೊಲೆ ಇದೆ, ತನಿಖೆ ಇದೆ, ನಗೆಯೂ ಇದೆ, ಹಿಡಿಸೀತು ಎಂದು.

ಹಿಡಿಸಿತು. ನಡುವೆ ಸಿಕ್ಕಾಗಲೆಲ್ಲ ಅದರದೇ ಮಾತು. ಆ ಸಾಹುಕಾರನ ಮೇಲೆ ಅನುಮಾನ ಐತ್ರಿ ಎಂದು ಒಮ್ಮೆ. ಇಲ್ಲ, ಅವನಲ್ಲ ಎಂದು ಮರುದಿನ. ಎಂಟು ಹತ್ತು ರಾತ್ರಿ ಕಳೆದ ಮೇಲೆ ಪುಸ್ತಕ ಹಿಡಿದು ಬಂದರು.

“ಗುರುಗಳ, ಇದರದ್ದು ಕಡೀ ಹಾಳಿ ಹರದಾವೇನ್ರಿ?”

“ಇಲ್ರೀ, ಪುಸ್ತಕ ಅಷ್ಟ ಐತಿ.”

“ಹಂಗಾರ ಜೋಗಿಹಾಳಗ ಕೊಂದವ್ರು ಯಾರ್ರಿ?”

“ಅದನ್ನ ಬರದಿಲ್ಲ.”

“ಹೇಳೂದಿಲ್ಲ ಅಂದ್ರ ಸುರುವಿಗೆ ಯಾಕ ಕೇಳಬೇಕಿತ್ರಿ?”

ನಾವು ಕಾದಂಬರಿಯ ಬಗ್ಗೆ ನಾಲ್ಕು ಮಾತು ಹೇಳಿದೆವು. ಊರೇ ತಪ್ಪಿತಸ್ಥ, ಎಲ್ಲರ ಪಾಪವೂ ಸೇರಿ ಬೆಂಕಿಯಾಯಿತು, ಹಾಗಾಗಿ ಒಬ್ಬನನ್ನು ತೋರಿಸಿಲ್ಲ ಎಂದೆವು. ಅವರು ಸುಮ್ಮನೆ ಕೇಳಿದರು. ಆಮೇಲೆ ತಮ್ಮನ ವಿಷಯ ಹೇಳಿದರು. ತಮ್ಮನೂ ಇವರ ಜತೆಗೇ ಗೋವೆಗೆ ಬಂದವನು. ಕಟ್ಟಡದ ಕೆಲಸದಲ್ಲಿ ಮೇಲಿಂದ ಬಿದ್ದು ಸತ್ತ.

“ಕಾಲ ಜಾರಿತು ಅಂದ್ರ್ರಿ. ಹೆಂಗ ಜಾರಿತು, ಆವಾಗ ಮ್ಯಾಲ ಯಾರಿದ್ರು, ಯಾರೂ ಹೇಳಲಿಲ್ಲ. ಗುತ್ತಿಗೆದಾರ ಸ್ವಲ್ಪ ರೊಕ್ಕ ಕೊಟ್ಟ, ನಮ್ಮ ಅವ್ವನ ಹೆಬ್ಬಟ್ಟ ಒತ್ತಿಸಿಕೊಂಡ. ಮುಗೀತು. ಇಷ್ಟ ವರ್ಷ ಆತು, ನಮ್ಮವ್ವ ಇನ್ನೂ ಕೇಳತಾಳ್ರಿ, ನನ್ನ ಮಗ ಹೆಂಗ ಬಿದ್ದ ಅಂತ. ಪುಸ್ತಕದಾಗರ ಒಬ್ರು ಹೇಳತಾರ ಅಂತ ಓದಿದ್ನ್ರಿ.”

ಪುಸ್ತಕ ಮೇಜಿನ ಮೇಲಿಟ್ಟು ಹೋದರು. ಎರಡು ಮೂರು ತಿಂಗಳು ಕಪಾಟಿನ ಕಡೆ ಬರಲಿಲ್ಲ.

ಈ ಮಾತನ್ನು ನಾವು ನಮ್ಮ ಹಿರಿಯ ಸ್ನೇಹಿತರೊಬ್ಬರ ಮುಂದೆ ಇಟ್ಟೆವು. ಅವರು ನಿವೃತ್ತ ಶಿಕ್ಷಕರು, ತೇಜಸ್ವಿಯವರ ಪರಮ ಅಭಿಮಾನಿ. ಅವರೆಂದರು: “ಹೆಸರಿನಲ್ಲೇ ಹೇಳಿಬಿಟ್ಟಿದ್ದಾರಲ್ಲ, ಇನ್ನೇನು ಬೇಕು?” ಅದು ನಿಜ. ಚಿದಂಬರದ ನಟರಾಜನ ಗುಡಿಯಲ್ಲಿ ಒಂದು ಪರದೆ ಇದೆ. ಪರದೆ ಸರಿಸಿದರೆ ಅಲ್ಲಿ ಮೂರ್ತಿಯಿಲ್ಲ. ಬರಿದಾದ ಜಾಗ, ಅದರ ಮುಂದೆ ತೂಗುವ ಬಂಗಾರದ ಬಿಲ್ವಪತ್ರೆಯ ಸರ. ಅಲ್ಲಿ ಆಕಾಶವೇ ಲಿಂಗ. ಎಂದೂ ಬಗೆಹರಿಯದ ಗುಟ್ಟಿಗೆ ನಮ್ಮ ಜನ ಚಿದಂಬರ ರಹಸ್ಯ ಎಂದದ್ದು ಅದಕ್ಕೇ. ಪರದೆಯ ಹಿಂದೆ ಏನೂ ಇರುವುದಿಲ್ಲ ಎಂದು ಲೇಖಕರು ರಕ್ಷಾಪುಟದಲ್ಲೇ ಬರೆದಿದ್ದಾರೆ ಎಂಬುದು ಸ್ನೇಹಿತರ ವಾದ.

ಅವರ ಎರಡನೆಯ ವಾದ ಇನ್ನೂ ಗಟ್ಟಿಯಾದದ್ದು. ಬದುಕಿನಲ್ಲಿ ಎಷ್ಟು ಪ್ರಶ್ನೆಗೆ ಉತ್ತರ ಸಿಗುತ್ತದೆ? ಕೊನೆಯ ಪುಟದಲ್ಲಿ ಪತ್ತೇದಾರ ಬಂದು ಎಲ್ಲರನ್ನೂ ಸಾಲಾಗಿ ಕೂರಿಸಿ ಕೊಲೆಗಾರನ ಕಡೆ ಕೈ ತೋರಿಸುವುದು ಮಕ್ಕಳಾಟ. ತೇಜಸ್ವಿ ಆ ಸುಳ್ಳನ್ನು ಬರೆಯಲಿಲ್ಲ.

ಇಲ್ಲಿ ನಮಗೆ ಒಂದು ತಕರಾರಿದೆ. ಬದುಕಿನಲ್ಲಿ ಉತ್ತರ ಸಿಗುವುದಿಲ್ಲ ಎಂಬುದು ಯಾರಿಗೆ ಹೊಸ ವಿಷಯ? ಕಚೇರಿಗೆ ಅರ್ಜಿ ಕೊಟ್ಟರೆ ಉತ್ತರ ಬರುತ್ತದೆ, ಪೊಲೀಸರಿಗೆ ಹೇಳಿದರೆ ತನಿಖೆ ಆಗುತ್ತದೆ, ವೈದ್ಯರು ಕಾಯಿಲೆಯ ಹೆಸರು ಹೇಳುತ್ತಾರೆ ಎಂದು ನಂಬಿ ಬದುಕಿದವರಿಗೆ ಅದು ಹೊಸದು. ಅಂಥವರು ಉತ್ತರವಿಲ್ಲದ ಕಾದಂಬರಿ ಓದಿ, ಆಹಾ ಎಷ್ಟು ಆಳ ಎನ್ನಬಹುದು. ಆದರೆ ರಾತ್ರಿಯಿಡೀ ಗೇಟು ಕಾಯುವ ಈ ಮನುಷ್ಯರಿಗೆ ಅದು ದಿನದ ಅನ್ನದಷ್ಟು ಹಳೆಯದು. ಅದನ್ನು ತಿಳಿಯಲು ಅವರಿಗೆ ಪುಸ್ತಕ ಬೇಡ. ಅವರು ಪುಸ್ತಕಕ್ಕೆ ಬಂದದ್ದು ಇಲ್ಲಿಯಾದರೂ ಸತ್ತವನ ಪರವಾಗಿ ಒಬ್ಬರು ಕೊನೆಯತನಕ ಕೇಳುತ್ತಾರೆ ಎಂದು. ಪತ್ತೇದಾರಿ ಕಥೆಯನ್ನು ಕಾಲಹರಣ ಎನ್ನುವವರು ಇದನ್ನು ಯೋಚಿಸಬೇಕು. ಪುರುಷೋತ್ತಮ ಅವರಿಗೆ ಕೊಟ್ಟದ್ದು ಬರೀ ಮಜಾ ಅಲ್ಲ. ಅವನು ಕೇಳಿದ್ದನ್ನು ಬಿಡುವುದಿಲ್ಲ.

ಇನ್ನು ಹೆಸರಿನ ಮಾತು. ಹೆಸರಿನಲ್ಲಿ ಎಚ್ಚರಿಕೆ ಇದೆ, ಒಪ್ಪಿದೆವು. ಆದರೆ ಚಿದಂಬರದ ಪರದೆಯ ಹಿಂದೆ ನೋಡಿದ ಭಕ್ತ ಮೋಸಹೋದೆ ಎನ್ನುವುದಿಲ್ಲ, ಏಕೆಂದರೆ ಅಲ್ಲಿಯ ಬರಿದೇ ದೇವರು ಎಂದು ಮೊದಲೇ ನಂಬಿ ಬಂದಿರುತ್ತಾನೆ. ಕೆಸರೂರಿನ ಪರದೆಯ ಹಿಂದೆ ಇದ್ದದ್ದು ಒಬ್ಬ ಮನುಷ್ಯನ ಹೆಣ. ಹೆಣವನ್ನು ಆಕಾಶ ಎಂದು ತಿಳಿಯಲು ಓದುಗನಿಗೆ ಆಗುವುದಿಲ್ಲ.

ನಮ್ಮ ಲೆಕ್ಕದಲ್ಲಿ ಈ ಕಾದಂಬರಿ ಎರಡು ಪ್ರಶ್ನೆ ಕೇಳುತ್ತದೆ. ಒಂದು ದೊಡ್ಡದು: ಕೆಸರೂರಿಗೆ ಏನಾಗುತ್ತಿದೆ? ಇನ್ನೊಂದು ಸಣ್ಣದು: ಜೋಗಿಹಾಳ್ ಹೇಗೆ ಸತ್ತ? ದೊಡ್ಡ ಪ್ರಶ್ನೆಗೆ ಬೆಂಕಿ ಉತ್ತರ ಕೊಡುತ್ತದೆ, ಆ ಉತ್ತರ ಸುಳ್ಳಲ್ಲ. ದ್ವೇಷ, ದುರಾಸೆ, ಜಾತಿಮತದ ಜಗಳ ಇವೆಲ್ಲವನ್ನು ವರ್ಷಗಟ್ಟಲೆ ಒಣಹುಲ್ಲಿನ ಹಾಗೆ ಒಟ್ಟಿದ ಊರು ಒಂದು ದಿನ ಉರಿಯಲೇಬೇಕು. 1985ರಲ್ಲಿ ಅದನ್ನು ಬರೆದ ತೇಜಸ್ವಿಯವರ ಕಣ್ಣು ಎಷ್ಟು ದೂರ ನೋಡಿತ್ತು ಎಂದು ಇಂದು ಓದಿದರೆ ಮೈ ನಡುಗುತ್ತದೆ. ಏಲಕ್ಕಿಯ ಪ್ರಶ್ನೆಗೂ ಪುಸ್ತಕದ ಹೊರಗೆ ಉತ್ತರ ಹುಡುಕಬಹುದು. ಏಲಕ್ಕಿಗೆ ಕಟ್ಟೆ ರೋಗ ಎಂಬುದೊಂದಿದೆ, ಸಸ್ಯಹೇನುಗಳು ಹರಡುವ ವೈರಸ್ಸಿನಿಂದ ಬರುವಂಥದ್ದು. ಆ ಹೊತ್ತಿಗೇ ಗ್ವಾಟೆಮಾಲಾ ದೇಶ ಏಲಕ್ಕಿ ಬೆಳೆದು ಲೋಕದ ಮಾರುಕಟ್ಟೆಗೆ ಸುರಿಯತೊಡಗಿತ್ತು. ಮಲೆನಾಡಿನ ಬೆಳೆಗಾರರ ಕಷ್ಟಕ್ಕೆ ಇಂಥ ಕಾರಣಗಳನ್ನು ಯಾರಾದರೂ ಪುಸ್ತಕಾಲಯದಲ್ಲಿ ಕೂತು ಓದಿ ತಿಳಿಯಬಹುದು. ಆದರೆ ಜೋಗಿಹಾಳನಿಗೆ ಪುಸ್ತಕದ ಹೊರಗೆ ಊರಿಲ್ಲ, ಠಾಣೆಯಿಲ್ಲ, ಕಡತವಿಲ್ಲ. ಅವನು ಸತ್ತದ್ದು ಆ ಪುಟಗಳೊಳಗೆ. ಹೇಳಬಲ್ಲವರು ಒಬ್ಬರೇ ಇದ್ದರು, ಅವರು ಹೇಳಲಿಲ್ಲ. ಸಣ್ಣ ಪ್ರಶ್ನೆಯ ಕೈ ಹಿಡಿದು ನಮ್ಮನ್ನು ದೊಡ್ಡ ಪ್ರಶ್ನೆಯತನಕ ನಡೆಸಿದರು. ಅಲ್ಲಿ ಮುಟ್ಟಿದ ಮೇಲೆ ಸಣ್ಣದನ್ನು ಬೆಂಕಿಗೆ ಬಿಟ್ಟರು.

ಕೊನೆ ದುಃಖದ್ದಾಯಿತು ಎಂದಾಗಲಿ, ಸಿಕ್ಕದ್ದು ಕೈತಪ್ಪಿತು ಎಂದಾಗಲಿ ನಮ್ಮ ದೂರಲ್ಲ. ಅದೇ ತೇಜಸ್ವಿಯವರ ‘ಕರ್ವಾಲೊ’ ನೋಡಿ. 1980ರ ಕಾದಂಬರಿ. ಕರ್ವಾಲೊ ಎಂಬ ವಿಜ್ಞಾನಿ, ಜೇನು ಹಿಡಿಯುವ ಮಂದಣ್ಣ, ಇನ್ನೂ ಒಂದಿಷ್ಟು ಜನ ಕಾಡು ನುಗ್ಗುತ್ತಾರೆ. ಹುಡುಕುವುದು ಒಂದು ಹಾರುವ ಓತಿ. ಸಿಗುತ್ತದೋ ಇಲ್ಲವೋ ಎಂಬ ಕುತೂಹಲವೇ ಕಾದಂಬರಿ. ಕೊನೆಗೆ ಸಿಗುತ್ತದೆ. ಸಿಕ್ಕಿತು ಎನ್ನುವಷ್ಟರಲ್ಲಿ ಅದು ಮರದಿಂದ ಜಿಗಿದು ಕಣಿವೆಯ ಕಡೆ ತೇಲಿಹೋಗುತ್ತದೆ. ಕೈಗೆ ಬರಲಿಲ್ಲ, ನಿಜ. ಆದರೆ ಕಂಡಿತು. ಓತಿ ಇದೆಯೇ ಎಂದು ಕೇಳಿದ್ದರು, ಇದೆ ಎಂದು ತೋರಿಸಿದರು. ಆ ಪುಸ್ತಕವನ್ನು ಓದಿ ಕಡೆಯ ಹಾಳೆ ಹರಿದಿದೆಯೇ ಎಂದು ನಮ್ಮ ಕಪಾಟಿನ ಓದುಗರು ಒಬ್ಬರೂ ಕೇಳಿಲ್ಲ. ಕಳೆದುಕೊಳ್ಳುವುದನ್ನು ಓದುಗರು ತಾಳಿಕೊಳ್ಳುತ್ತಾರೆ. ಮಾತು ಕೊಟ್ಟು ಮರೆತರೆ ತಾಳುವುದಿಲ್ಲ.

ಮಾತು ಕೊಡುವುದೆಂದ ಕೂಡಲೇ ನಮಗೆ ನೆನಪಾಗುವುದು ಗೋವಿನ ಹಾಡು. ಅದನ್ನು ನಾವೆಲ್ಲ ನೀತಿಪಾಠ ಎಂದೇ ಕಲಿಸುತ್ತೇವೆ. ಮಕ್ಕಳು ಮಾತ್ರ ಅದನ್ನು ಕುತೂಹಲದ ಕಥೆಯಾಗಿ ಕೇಳುತ್ತಾರೆ. ಕರುವಿಗೆ ಹಾಲು ಕೊಟ್ಟು ಬರುತ್ತೇನೆ ಎಂದು ಹುಲಿಗೆ ಹೇಳಿ ಹೋದ ಪುಣ್ಯಕೋಟಿ ತಿರುಗಿ ಬರುತ್ತದೆಯೇ? ನಾವು ಒಂದು ವರ್ಷ ನಾಲ್ಕನೇ ತರಗತಿಯಲ್ಲಿ ಬೇಕೆಂದೇ ಅಲ್ಲಿಗೆ ಕಥೆ ನಿಲ್ಲಿಸಿದೆವು. ಉಳಿದದ್ದು ನಾಳೆ ಎಂದೆವು. ಮಕ್ಕಳು ಬೆಂಚು ಬಿಟ್ಟು ಎದ್ದು ಬಂದರು. ಒಬ್ಬ ಹುಡುಗ, “ಆಕಳ ಸತ್ರೂ ನಡೀತೈತ್ರಿ ಸರ್, ಖರೇನ ಏನಾತು ಅದನ್ನ ಹೇಳ್ರಿ” ಎಂದ. ಒಂಬತ್ತು ವರ್ಷದ ಹುಡುಗ ಕೇಳಿದ್ದು ಸುಖವಾದ ಕೊನೆಯಲ್ಲ, ಕೊನೆ. ಪುಣ್ಯಕೋಟಿ ತಿರುಗಿ ಬಂದದ್ದಕ್ಕೆ ಅದು ಇಷ್ಟು ತಲೆಮಾರು ಉಳಿದ ಕಥೆ. ಬರದೇ ಹೋಗಿದ್ದರೆ, ಹುಲಿ ಕಾದು ಕೂತಲ್ಲಿಗೇ ಹಾಡು ನಿಂತಿದ್ದರೆ, ಯಾರು ಹಾಡುತ್ತಿದ್ದರು?

ಲೋಕದ ಕುತೂಹಲದ ಕಥೆಗಳಲ್ಲೂ ಓದುಗರು ಇದನ್ನೇ ಕೇಳಿದ್ದಾರೆ. ಇಂಗ್ಲೆಂಡಿನ ಚಾರ್ಲ್ಸ್ ಡಿಕನ್ಸ್ 1870ರಲ್ಲಿ ಎಡ್ವಿನ್ ಡ್ರೂಡ್ ಎಂಬ ಯುವಕ ಕಾಣೆಯಾದ ಕಥೆಯನ್ನು ಕಂತುಗಳಲ್ಲಿ ಬರೆಯುತ್ತಿದ್ದರು. ಹನ್ನೆರಡು ಕಂತಿನ ಯೋಜನೆ, ಆರು ಕಂತಿನಷ್ಟು ಬರೆದು ತೀರಿಕೊಂಡರು. ಡ್ರೂಡನಿಗೆ ಏನಾಯಿತು ಎಂದು ಜನ ಇಂದಿಗೂ ಊಹೆ ಕಟ್ಟುತ್ತಾರೆ, ತಾವೇ ಕೊನೆ ಬರೆಯುತ್ತಾರೆ. ಅಲ್ಲಿ ಸಾವು ಅಡ್ಡ ಬಂತು, ಲೇಖಕರ ಮೇಲೆ ಯಾರಿಗೂ ಸಿಟ್ಟಿಲ್ಲ. ಕಾನನ್ ಡಾಯ್ಲ್ 1893ರಲ್ಲಿ ತಮ್ಮ ಷರ್ಲಾಕ್ ಹೋಮ್ಸ್‌ನನ್ನು ಸ್ವಿಟ್ಜರ್ಲೆಂಡಿನ ಜಲಪಾತದಲ್ಲಿ ಮುಗಿಸಿದರು. ಜನ ಒಪ್ಪಲಿಲ್ಲ. 1903ರಲ್ಲಿ ಅವನು ಬದುಕಿದ್ದಾನೆ ಎಂದು ಬರೆಯಬೇಕಾಯಿತು. ಅಗಾಥಾ ಕ್ರಿಸ್ಟಿ 1926ರಲ್ಲಿ ರೋಜರ್ ಆಕ್ರಾಯ್ಡ್ ಎಂಬವನ ಕೊಲೆಯ ಕಥೆ ಬರೆದಾಗ ಕೊನೆ ಓದಿದ ಕೆಲವರು ಇದು ಮೋಸ ಎಂದರು. ಮತ್ತೆ ಮೊದಲಿಂದ ಓದಿದರೆ ಸುಳಿವುಗಳೆಲ್ಲ ಕಣ್ಣೆದುರೇ ಇದ್ದವು. 1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ, ತಾವೂ ಪತ್ತೇದಾರಿ ಬರೆಯುವವರು, ಇಂಥ ಕಥೆಗಳಿಗೆ ಹತ್ತು ಕಟ್ಟಳೆ ಮಾಡಿದರು. ಪತ್ತೇದಾರನಿಗೆ ಸಿಕ್ಕ ಸುಳಿವನ್ನು ಓದುಗನಿಂದ ಮುಚ್ಚಿಡಬಾರದು ಎಂಬುದು ಅವುಗಳಲ್ಲಿ ಒಂದು. ಆಟ ಆಡುವುದಾದರೆ ಇಬ್ಬರೂ ಒಂದೇ ನಿಯಮದಲ್ಲಿ ಆಡಬೇಕು ಎಂಬುದೇ ಇದರ ಅರ್ಥ. ತೇಜಸ್ವಿ ಆ ಆಟವನ್ನು ಆರಂಭಿಸಿ, ನಡುವೆ ಬೇರೆ ಆಟಕ್ಕೆ ಹೋದರು.

ಇಷ್ಟು ಹೇಳಿದ ಮೇಲೆ ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ನರಸಿಂಹಯ್ಯನವರ ಪುಸ್ತಕಗಳಲ್ಲಿ ಕೊಲೆಗಾರ ಸಿಗುತ್ತಾನೆ, ಪುಸ್ತಕ ಮುಚ್ಚುತ್ತೇವೆ, ಒಂದು ವಾರದಲ್ಲಿ ಮರೆಯುತ್ತೇವೆ. ಪುರುಷೋತ್ತಮ ನೆನಪಿರುತ್ತಾನೆ. ಸತ್ತವನ ಹೆಸರು ಯಾರಿಗಾದರೂ ನೆನಪಿದೆಯೇ? ಅಲ್ಲಿ ಹೆಣ ಬರುವುದು ಕಥೆ ಹೊರಡಲೆಂದು ಮಾತ್ರ. ‘ಚಿದಂಬರ ರಹಸ್ಯ’ದಲ್ಲಿ ಆದದ್ದು ಇದಕ್ಕೆ ತಿರುಗುಮುರುಗು. ರೋಣದ ಆ ಪಾಲಕರು ದೀಪಾವಳಿಯ ನಂತರ ಮತ್ತೆ ಕಪಾಟಿನ ಕಡೆ ಬಂದರು. ಬಂದವರು ಮೊದಲು ಮಾತಾಡಿದ್ದು ಆ ಪುಸ್ತಕದ ಬಗ್ಗೆಯೇ. ಕೆಲಸದ ಹೊತ್ತಿನಲ್ಲಿ ಯೋಚನೆ ಮಾಡಿ ತಮ್ಮದೇ ಒಂದು ತೀರ್ಮಾನಕ್ಕೆ ಬಂದಿದ್ದರು. ಜೋಗಿಹಾಳನನ್ನು ಯಾರು, ಯಾಕೆ, ಹೇಗೆ ಎಂದು ಸಾಕ್ಷಿಸಮೇತ ಹೇಳಿದರು. ನಾವು ಎರಡು ಪ್ರಶ್ನೆ ಕೇಳಿದೆವು. ಒಂದಕ್ಕೆ ಉತ್ತರವಿತ್ತು. ಇನ್ನೊಂದಕ್ಕೆ, “ಮತ್ತ ಓದಬೇಕಾಗತೈತಿ, ಕೊಡ್ರಿ” ಎಂದು ಪುಸ್ತಕ ಇಸಿದುಕೊಂಡು ಹೋದರು.

ಇದನ್ನು ನಮ್ಮ ಹಿರಿಯ ಸ್ನೇಹಿತರಿಗೆ ಹೇಳಿದಾಗ ಅವರು ಗೆದ್ದವರ ಹಾಗೆ ನಕ್ಕರು. ನೋಡಿ, ಉತ್ತರ ಹೇಳಿದ್ದರೆ ಅವರು ಎರಡನೇ ಸಲ ಓದುತ್ತಿದ್ದರೇ ಎಂದರು. ಓದುತ್ತಿರಲಿಲ್ಲವೇನೋ. ಆದರೂ ನಾವು ಒಪ್ಪಲಿಲ್ಲ. ಅವರು ಎರಡನೇ ಸಲ ಓದಿದ್ದು ಪುಸ್ತಕ ಕೊಡದೆ ಉಳಿಸಿಕೊಂಡ ಸಾಲವನ್ನು ತಾವೇ ತೀರಿಸಲಿಕ್ಕೆ. ಅದು ಆ ಓದುಗರ ದೊಡ್ಡತನ. ಸಾಲ ಸಾಲವೇ. ಎಲ್ಲ ಓದುಗರೂ ಹಾಗೆ ತಿರುಗಿ ಬರುವುದಿಲ್ಲ. ಕಷ್ಟಪಟ್ಟು ಓದಿನ ದಾರಿಗೆ ಬಂದ ಎಷ್ಟೋ ಜನ ಇಂಥ ಒಂದು ಕೊನೆಯಲ್ಲಿ ಎಡವಿ, ದೊಡ್ಡ ಪುಸ್ತಕಗಳು ನಮಗಲ್ಲ ಬಿಡಿ ಎಂದು ಹೊರಟುಬಿಡುತ್ತಾರೆ. ಗಡಿಯಾಚೆಯ ನಮ್ಮಂಥ ಕಡೆ ಒಬ್ಬ ಓದುಗ ಹೋದರೆ ಆ ಮನೆಯಲ್ಲಿ ಕನ್ನಡದ ಓದೇ ಹೋದಂತೆ. ಅಪ್ಪ ಓದುವುದನ್ನು ನೋಡದ ಮಗಳು ನಾಲ್ಕನೇ ತರಗತಿ ಮುಗಿಸಿ ಬೇರೆ ಮಾಧ್ಯಮದ ಶಾಲೆಗೆ ಹೋದ ಮೇಲೆ ಕನ್ನಡದ ಪುಸ್ತಕವನ್ನು ಯಾಕೆ ಮುಟ್ಟುತ್ತಾಳೆ?

ಆದ್ದರಿಂದ ನಮ್ಮ ಹಾಗೆ ಕಪಾಟು ಇಟ್ಟುಕೊಂಡಿರುವ ಶಿಕ್ಷಕ ಬಂಧುಗಳಿಗೆ ಒಂದು ಸಲಹೆ. ‘ಚಿದಂಬರ ರಹಸ್ಯ’ವನ್ನು ಕಪಾಟಿನಿಂದ ತೆಗೆಯಬೇಡಿ. ಅಂಥ ಕಾದಂಬರಿ ಕನ್ನಡದಲ್ಲಿ ಎಷ್ಟಿವೆ? ಕೊಡುವ ಕ್ರಮ ಮಾತ್ರ ನೋಡಿಕೊಳ್ಳಿ. ಮೊದಲು ನರಸಿಂಹಯ್ಯ ಕೊಡಿ, ಕೇಳಿದ ಪ್ರಶ್ನೆಗೆ ಉತ್ತರ ಸಿಗುವ ಸುಖ ತಿಳಿಯಲಿ. ಆಮೇಲೆ ‘ಕರ್ವಾಲೊ’ ಕೊಡಿ, ಸಿಕ್ಕದ್ದು ಕೈಬಿಟ್ಟು ಹೋದರೂ ಪುಸ್ತಕ ಮೋಸ ಮಾಡುವುದಿಲ್ಲ ಎಂಬುದು ತಿಳಿಯಲಿ. ಏಲಕ್ಕಿ ಮಾರಲು ಹೊರಟ ದಂಪತಿ ಅಪಾಯಕ್ಕೆ ಸಿಲುಕುವ ‘ಜುಗಾರಿ ಕ್ರಾಸ್’ ಕೂಡ ಇಲ್ಲಿಗೆ ಸರಿಹೋಗುತ್ತದೆ. 1994ರ ಈ ಕಾದಂಬರಿ ತೇಜಸ್ವಿಯವರ ಮಲೆನಾಡನ್ನು ಓಟದ ವೇಗದಲ್ಲಿ ತೋರಿಸುತ್ತದೆ. ಇವಿಷ್ಟೂ ಆದ ಮೇಲೆ ‘ಚಿದಂಬರ ರಹಸ್ಯ’. ಕೊಡುವಾಗ ಒಂದೇ ಮಾತು ಹೇಳಿ: ಇದರಲ್ಲಿ ಕೊಲೆಗಾರ ಯಾರೆಂದು ಲೇಖಕರು ಹೇಳುವುದಿಲ್ಲ, ನೀವೇ ಹುಡುಕಬೇಕು. ಹಾಗೆ ಹೇಳಿದರೆ ಕುತೂಹಲ ಕೆಡುವುದಿಲ್ಲವೇ ಎಂದು ಕೇಳಬಹುದು. ನಾವು ಆಮೇಲೆ ಮೂವರಿಗೆ ಹಾಗೆ ಹೇಳಿಯೇ ಕೊಟ್ಟಿದ್ದೇವೆ. ಮೂವರೂ ಪೂರ್ತಿ ಓದಿದರು. ಯಾರೂ ಹಾಳೆ ಹರಿದಿದೆಯೇ ಎಂದು ಕೇಳಲಿಲ್ಲ. ಮೂವರೂ ಮೂರು ಬೇರೆ ಬೇರೆ ಹೆಸರು ಹೇಳಿದರು.

ಆ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ನಿಮ್ಮ ಶಾಲೆಯ ಪಾಲಕರಲ್ಲಿ, ನಿಮ್ಮ ಹಳೇ ವಿದ್ಯಾರ್ಥಿಗಳಲ್ಲಿ ಯಾರಾದರೂ ಇದನ್ನು ಓದಿದ್ದರೆ ಅವರು ಯಾರ ಹೆಸರು ಹೇಳುತ್ತಾರೆ ಕೇಳಿ ನೋಡಿ. ಯಾಕೆ ಎಂದೂ ಕೇಳಿ. ಆ ಕಾರಣ ಕೇಳುವಾಗ ಸ್ವಲ್ಪ ಸಮಾಧಾನದಿಂದ ಕೂತುಕೊಳ್ಳಿ, ಯಾಕೆಂದರೆ ಅವರು ಹೇಳುವುದು ಎಲ್ಲವೂ ಕೆಸರೂರಿನದೇ ಆಗಿರುವುದಿಲ್ಲ.